ಡಯಾಲಿಸಿಸ್ ಮತ್ತು ಸಿರೆಗಳ ರಕ್ಷಣೆ

ಮೂತ್ರಪಿಂಡಗಳು ಸಂಪೂರ್ಣವಾಗಿ ಸೋತವರಿಗೆ ವಾರಕ್ಕೆ 2–3 ಬಾರಿ, ಪ್ರತಿಸಲ ಸುಮಾರು 4 ಗಂಟೆಗಳ ಡಯಾಲಿಸಿಸ್ ಅಗತ್ಯವಾಗುತ್ತದೆ. ಯಂತ್ರವು ನಿಮಿಷಕ್ಕೆ ಸುಮಾರು 300 ಮಿಲಿಲೀಟರ್ ರಕ್ತವನ್ನು ಸೆಳೆದು, ಶುದ್ಧಗೊಳಿಸಿ, ಹಿಂದಿರುಗಿಸುತ್ತದೆ. ಕೈಯ ಸಾಧಾರಣ ಸಿರೆಯು ಇಷ್ಟು ಹರಿವನ್ನು ನೀಡಲಾರದು. ಆದುದರಿಂದ ಧಮನಿಗೆ ಸಿರೆಯನ್ನು ಜೋಡಿಸಿ ಫಿಸ್ಟುಲಾ ರಚಿಸುತ್ತಾರೆ. ಅದು ಬಲಿಯಲು ಹಲವು ವಾರಗಳು ಬೇಕು. ಅಷ್ಟು ಕಾಯಲಾಗದವರಿಗೆ ಕುತ್ತಿಗೆಯ ದೊಡ್ಡ ಸಿರೆಯಲ್ಲಿ ಕ್ಯಾತಿಟರ್ ಎಂಬ ನಳಿಕೆಯನ್ನು ಇಡುತ್ತಾರೆ.

ಈ ಸಿರೆಯ ಪಕ್ಕದಲ್ಲೇ ಮಿದುಳಿಗೆ ರಕ್ತ ಒಯ್ಯುವ ಧಮನಿ, ಕೆಳಗೆ ಶ್ವಾಸಕೋಶದ ತುದಿ ಇವೆ. ಹಿಂದೆ ಹಲವು ಬಾರಿ ನಳಿಕೆ ಇರಿಸಿಕೊಂಡವರಲ್ಲಿ ಸಿರೆಯು ಕಿರಿದಾಗಿ ಅಥವಾ ರಕ್ತ ಹೆಪ್ಪುಗಟ್ಟಿ ಮುಚ್ಚಿರಬಹುದು. ಅಲ್ಟ್ರಾಸೌಂಡ್ ಇದನ್ನು ಮೊದಲೇ ತೋರಿಸುತ್ತದೆ. ಮೇಲಿನಿಂದ ಒತ್ತಿದಾಗ ಆರೋಗ್ಯವಂತ ಸಿರೆ ಚಪ್ಪಟೆಯಾಗುತ್ತದೆ. ಧಮನಿ ಮಿಡಿಯುತ್ತಲೇ ಇರುತ್ತದೆ. ಹೆಪ್ಪು ತುಂಬಿದ ಸಿರೆ ಚಪ್ಪಟೆಯಾಗದು. ವೈದ್ಯರು ಪರದೆಯಲ್ಲಿ ಸೂಜಿಯನ್ನು ಕಾಣುತ್ತಲೇ ಸಿರೆಯನ್ನು ಪ್ರವೇಶಿಸುತ್ತಾರೆ. ಬಳಿಕ ಸೂಜಿಯೊಳಗಿಂದ ತಂತಿ ತೂರಿಸಿ, ಅದರ ಮೇಲೆ ನಳಿಕೆಯನ್ನು ಜಾರಿಸುತ್ತಾರೆ. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನವಿದು. ದೀರ್ಘಕಾಲದ ನಳಿಕೆಯ ತುದಿ ಹೃದಯದ ಬಲ ಹೃತ್ಕರ್ಣವನ್ನು ಸೇರಿತೇ ಎಂಬುದನ್ನು ಚಲಿಸುವ ಎಕ್ಸ್-ರೇ ಚಿತ್ರದಲ್ಲಿ ನೋಡುತ್ತಾರೆ. ಮಾರ್ಗ ಕಿರಿದಾಗಿದ್ದರೆ ಬಣ್ಣದ್ರವ ಹಾಯಿಸಿ ಗುರುತಿಸಿ, ಬಲೂನಿನಿಂದ ಹಿಗ್ಗಿಸುವುದೂ ಉಂಟು.

ಸುಶ್ರುತ ಸಂಹಿತೆಯ ಶಾರೀರಸ್ಥಾನವು 700 ಸಿರೆಗಳನ್ನು ಎಣಿಸಿ, 98 ಸಿರೆಗಳನ್ನು ಚುಚ್ಚಬಾರದೆಂದು ವಿಧಿಸಿದೆ. ಇಂದಿನ ಶರೀರಶಾಸ್ತ್ರದ ಎಣಿಕೆ ಬೇರೆಯಾದರೂ, ಸಿರೆಯನ್ನು ಅರಿಯದೆ ಚುಚ್ಚಬಾರದೆಂಬ ಎಚ್ಚರ ಒಂದೇ ಎಂದು ನಾವು ಭಾವಿಸುತ್ತೇವೆ.

ಕುಟ್ಟದಂತಹ ಗಡಿಯೂರಿನಿಂದ ಮಡಿಕೇರಿಗೋ ಮೈಸೂರಿಗೋ ಹೋಗಬೇಕಾದವರಿಗೆ ನಳಿಕೆ ಕೆಟ್ಟರೆ ಒಂದು ಸರದಿಯೇ ತಪ್ಪೀತು. ಆದುದರಿಂದ ನಳಿಕೆ ಇಡುವ ಮುನ್ನ “ಅಲ್ಟ್ರಾಸೌಂಡ್ ನೋಡಿ ಇಡುತ್ತೀರಾ?” ಎಂದು ವಿನಯದಿಂದ ಕೇಳಿರಿ. ಮೂತ್ರಪಿಂಡ ದುರ್ಬಲವೆಂದು ತಿಳಿದ ದಿನದಿಂದಲೇ ಕಡಿಮೆ ಬಳಸುವ ಕೈಯನ್ನು ಕಾಪಾಡಿರಿ. ರಕ್ತಪರೀಕ್ಷೆಗೆ ಅಂಗೈಯ ಹಿಂಬದಿಯನ್ನೇ ತೋರಿಸಿರಿ. ನಮ್ಮದೂ ಸೇರಿ ಯಾವ ಪದ್ಧತಿಯ ಔಷಧವನ್ನೂ ಮೂತ್ರಪಿಂಡ ತಜ್ಞರಿಗೆ ತಿಳಿಸದೆ ಸೇವಿಸಬೇಡಿರಿ.

ಭಕ್ತರು ಕೇಳುವ ಪ್ರಶ್ನೆಯೊಂದಿದೆ. ಎಡಗೈಯಲ್ಲಿ ಫಿಸ್ಟುಲಾ ಇದ್ದರೂ, ಗಾಯ ಮಾಗಿದ ಮೇಲೆ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ಪೂಜಿಸಲು ಅಡ್ಡಿಯಿಲ್ಲ. ಆ ಕೈಗೆ ಬಿಗಿಯಾದ ಬಳೆ, ದಾರ, ಭಾರ ಬೇಡ. ನಳಿಕೆ ಇರುವವರು ಶಿವದಾರವು ಅದಕ್ಕೆ ಉಜ್ಜದಂತೆ, ಪಟ್ಟಿ ನೆನೆಯದಂತೆ ನೋಡಿಕೊಳ್ಳಬೇಕು. ಚಳಿಜ್ವರ ಬಂದರೆ, ನಳಿಕೆಯ ಸುತ್ತ ಕೆಂಪು ಅಥವಾ ಕೀವು ಕಂಡರೆ ಮುಂದಿನ ಸರದಿಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿರಿ.