ಉಕ್ಕಿನ ನಗರ ಮುರೋರಾನ್

ಮೂರು ಕಡೆ ನೀರುಳ್ಳ ಭೂಭಾಗವು ಪರ್ಯಾಯದ್ವೀಪವೆಂದು ನಮ್ಮ ಮಕ್ಕಳು ಕಂಠಪಾಠ ಮಾಡುವುದುಂಟು. ಅದರ ಪ್ರಯೋಜನವೇನೆಂಬುದನ್ನು ತಿಳಿಯಬೇಕಾದರೆ ವಾಚಕರು ಜಪಾನಿನ ಭೂಪಟದಲ್ಲಿ ಉತ್ತರದ ಹೊಕ್ಕೈಡೋ ದ್ವೀಪವನ್ನು ನೋಡಬೇಕು. ಅಲ್ಲಿ ಎತೋಮೊ ಎಂಬ ಪರ್ಯಾಯದ್ವೀಪವು ಬಾಗಿದ ತೋಳಿನಂತೆ ಕೊಲ್ಲಿಯೊಂದನ್ನು ಬಳಸಿ, ಶಾಂತಸಾಗರದ ಅಲೆಗಳನ್ನು ತಡೆದಿರುವುದು. ಅದರ ಆಶ್ರಯದಲ್ಲಿಯೇ 1872ರಲ್ಲಿ ಮುರೋರಾನ್ ಬಂದರು ಆರಂಭವಾಯಿತು.

1892ರಲ್ಲಿ ರೈಲುಮಾರ್ಗವಾಗಲು, ಒಳನಾಡಿನ ಕಲ್ಲಿದ್ದಲು ಇಲ್ಲಿಗೆ ಬಂದು ಹಡಗನ್ನೇರಿತು. ಇದ್ದಲು ಬಂದೆಡೆಗೆ ಕುಲುಮೆಯೂ ಬರುವುದು ಸಹಜ. 1907ರಲ್ಲಿ ಜಪಾನಿನ ಕಲ್ಲಿದ್ದಲು ಸಂಸ್ಥೆಯೊಂದೂ ಇಂಗ್ಲೆಂಡಿನ ಎರಡು ಕಂಪೆನಿಗಳೂ ಕೂಡಿ ಉಕ್ಕಿನ ಕಾರ್ಖಾನೆಯನ್ನು ಸ್ಥಾಪಿಸಿದವು. ಅಲ್ಲಿ ಯುದ್ಧನೌಕೆಗಳಿಗೆ ಫಿರಂಗಿಗಳು ಸಿದ್ಧವಾದವು. ಫಿರಂಗಿಯನ್ನು ಮಾಡಿದ ಊರನ್ನು ಫಿರಂಗಿಯೇ ಹುಡುಕಿಕೊಂಡು ಬಂದಿತು: 1945ರ ಜುಲೈ 15ರಂದು ಅಮೆರಿಕದ ನೌಕೆಗಳು ಗುಂಡಿನ ಮಳೆಗರೆಯಲು ನೂರಾರು ಮಂದಿ ಮಡಿದರು.

ಯುದ್ಧಾನಂತರ ಅದೇ ಕಾರ್ಖಾನೆಯು ವಿದ್ಯುದಾಗಾರಗಳಿಗೆ ಬೇಕಾದ ಬೃಹತ್ ಉಕ್ಕಿನ ಭಾಗಗಳನ್ನು ರೂಪಿಸಿ ದೇಶವಿದೇಶಗಳಿಗೆ ಕಳುಹಿಸತೊಡಗಿತು. 1998ರಲ್ಲಿ ಬಂದರಿನ ಮುಖಕ್ಕೆ ಅಡ್ಡಲಾಗಿ 1380 ಮೀಟರು ಉದ್ದದ ತೂಗುಸೇತುವೆಯಾಯಿತು. ಅದಕ್ಕೆ ಹಂಸದ ಹೆಸರು. ಆದರೆ ಒಮ್ಮೆ ಒಂದೂವರೆ ಲಕ್ಷವನ್ನು ಮೀರಿದ್ದ ಜನಸಂಖ್ಯೆಯು ಈಗ ಅದರ ಅರ್ಧದಷ್ಟಕ್ಕೆ ಇಳಿದಿದೆ.

ಕೊಲ್ಲಿಯು ಪ್ರಕೃತಿಯ ದಾನ. ಅದರ ದಡದ ಕುಲುಮೆಯಿಂದ ಫಿರಂಗಿ ಹೊರಡಬೇಕೆ, ದೀಪ ಬೆಳಗುವ ಯಂತ್ರ ಹೊರಡಬೇಕೆ ಎಂಬುದು ಮಾತ್ರ ಮನುಷ್ಯನ ವಿವೇಕಕ್ಕೆ ಸೇರಿದ್ದೆಂದು ನಾವು ಭಾವಿಸುತ್ತೇವೆ.