ಮ್ಯೂಟ್‌ನಲ್ಲಿದ್ದು ಕಲಿತ ಡಲ್ಸಿಮರ್

ನಮ್ಮ ಭೌತಶಾಸ್ತ್ರ ಪ್ರಯೋಗಾಲಯದ ಗಾಜಿನ ಕಪಾಟಿನಲ್ಲಿ, ಸೋನೋಮೀಟರುಗಳ ಪಕ್ಕದಲ್ಲಿ, ಮರದ ಒಂದು ವಾದ್ಯ ಇರುವುದನ್ನು ನೀವು ನೋಡಿರಬಹುದು. ನಡು ಸಣ್ಣದಾಗಿ ಎರಡೂ ಕಡೆ ಉಬ್ಬಿರುವ ಉದ್ದನೆಯ ಪೆಟ್ಟಿಗೆ, ಮೇಲೆ ಮೂರು ತಂತಿ. "ಮೇಡಂ, ಇದು ಗಿಟಾರಾ, ವೀಣೆಯಾ?" ಎಂದು ಪ್ರತಿ ಬ್ಯಾಚಿನವರೂ ಕೇಳುತ್ತಾರೆ. ಎರಡೂ ಅಲ್ಲ. ಇದರ ಹೆಸರು ಮೌಂಟೇನ್ ಡಲ್ಸಿಮರ್. ನಲವತ್ತು ದಾಟಿದ ಮೇಲೆ ಇದನ್ನು ಲ್ಯಾಪ್‌ಟಾಪ್ ಮುಂದೆ ಕುಳಿತು ಹೇಗೆ ಕಲಿತಿರಿ ಎಂದು ಬರೆಯಿರಿ ಎಂದು ಸಂಪಾದಕ ಮಂಡಳಿಯ ವಿದ್ಯಾರ್ಥಿನಿಯರು ಕೇಳಿದರು. ಒಪ್ಪಿಕೊಂಡೆ. ಆದರೆ ವಾದ್ಯದ ಕಥೆ ಹೇಳುವಾಗ ನನ್ನದೇ ಒಂದು ತಪ್ಪಿನ ಕಥೆಯನ್ನೂ ಹೇಳಬೇಕಾಗುತ್ತದೆ.

ಬೆಟ್ಟದ ಮನೆಗಳ ವಾದ್ಯ

ಅಮೆರಿಕದ ಪೂರ್ವ ಭಾಗದಲ್ಲಿ ಅಪಲಾಚಿಯನ್ ಪರ್ವತ ಸಾಲು ಇದೆ. ಕೆಂಟಕಿ, ವರ್ಜೀನಿಯಾ, ಟೆನೆಸ್ಸಿ, ನಾರ್ತ್ ಕೆರೊಲಿನಾ ರಾಜ್ಯಗಳ ಬೆಟ್ಟದ ಹಳ್ಳಿಗಳಲ್ಲಿ ಸುಮಾರು ಇನ್ನೂರು ವರ್ಷಗಳಿಂದ ಈ ವಾದ್ಯ ಬಳಕೆಯಲ್ಲಿದೆ. ಜರ್ಮನಿಯಿಂದ ವಲಸೆ ಬಂದವರು ತಮ್ಮೊಂದಿಗೆ ಷೈಟ್‌ಹೋಲ್ಟ್ ಎಂಬ ತಂತಿವಾದ್ಯ ತಂದಿದ್ದರು. ಬೆಟ್ಟದ ಬಡಗಿಗಳ ಕೈಯಲ್ಲಿ ಅದು ರೂಪ ಬದಲಿಸಿಕೊಂಡು ಡಲ್ಸಿಮರ್ ಆಯಿತು ಎಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಎರಡು ಪುಟ್ಟ ಕೋಲುಗಳಿಂದ ಬಡಿದು ನುಡಿಸುವ ಹ್ಯಾಮರ್ಡ್ ಡಲ್ಸಿಮರ್ ಬೇರೆ. ಅದು ನಮ್ಮ ಸಂತೂರಿನ ಸಂಬಂಧಿ. ಈ ಎರಡಕ್ಕೂ ಹೆಸರು ಮಾತ್ರ ಒಂದೇ.

ಮೌಂಟೇನ್ ಡಲ್ಸಿಮರನ್ನು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡು ನುಡಿಸುತ್ತಾರೆ. ಬಲಗೈಯಲ್ಲಿ ತಂತಿ ಮೀಟುತ್ತಾರೆ. ಹಿಂದೆ ಅದಕ್ಕೆ ಹಕ್ಕಿಯ ಗರಿಯ ದಂಟು ಬಳಸುತ್ತಿದ್ದರು, ಈಗ ಪ್ಲಾಸ್ಟಿಕ್ ಚೂರು. ಎಡಗೈಯಲ್ಲಿ ನೋಟರ್ ಎಂಬ ಬೆರಳುದ್ದದ ಕೋಲು ಹಿಡಿದು, ತಮಗೆ ಹತ್ತಿರವಿರುವ ತಂತಿಯನ್ನು ಮಾತ್ರ ಒತ್ತಿ ಜಾರಿಸುತ್ತಾರೆ. ಉಳಿದ ಎರಡು ತಂತಿಗಳನ್ನು ಒತ್ತುವುದೇ ಇಲ್ಲ. ಅವು ತಂಬೂರಿಯ ಹಾಗೆ ಒಂದೇ ಶ್ರುತಿ ಕೊಡುತ್ತಿರುತ್ತವೆ.

ಇದರ ಧ್ವನಿ ಬಹಳ ಮೆಲು. ದೊಡ್ಡ ಸಭಾಂಗಣದ ಹಿಂದಿನ ಸಾಲಿಗೆ ಕೇಳಿಸುವುದಿಲ್ಲ. ಒಲೆಯ ಪಕ್ಕ, ಮನೆಯ ಜಗಲಿಯಲ್ಲಿ, ನಾಲ್ಕು ಜನರ ನಡುವೆ ನುಡಿಸುವುದಕ್ಕೇ ಮಾಡಿದ ವಾದ್ಯ. ಆ ಬೆಟ್ಟಗಳ ಓಲ್ಡ್ ರೆಗ್ಯುಲರ್ ಬ್ಯಾಪ್ಟಿಸ್ಟ್ ಚರ್ಚುಗಳಲ್ಲಿ ಇಂದಿಗೂ ಪ್ರಾರ್ಥನೆಯಲ್ಲಿ ವಾದ್ಯಕ್ಕೆ ಜಾಗವಿಲ್ಲ. ಒಬ್ಬರು ಸಾಲು ಹೇಳಿಕೊಡುತ್ತಾರೆ, ಉಳಿದವರು ಬರೀ ಕಂಠದಲ್ಲಿ ಹಾಡುತ್ತಾರೆ. ಇದನ್ನು ಅಮ್ಮಿಗೆ ಹೇಳಿದಾಗ, "ಹಾಗಾದರೆ ಅವರಿಗೂ ನಮ್ಮ ಹಾಗೆ ಯೋಚನೆ ಇದೆ" ಎಂದರು. ವಾದ್ಯಗಳ ಬಗ್ಗೆ ನಮ್ಮ ಮನೆಯಲ್ಲೇ ಒಂದೇ ಅಭಿಪ್ರಾಯವಿಲ್ಲ. ಅಮ್ಮಿ ನನ್ನನ್ನು ತಡೆಯಲಿಲ್ಲ. "ಪಾಠಕ್ಕೆ ಉಪಯೋಗ ಆಗಲಿ" ಎಂದಷ್ಟೇ ಹೇಳಿದರು.

ಸೋನೋಮೀಟರಿನ ತಮ್ಮ

ಪಾಠಕ್ಕೆ ಉಪಯೋಗ ಆಗಿದೆ. ಸೋನೋಮೀಟರ್ ಪ್ರಯೋಗದಲ್ಲಿ ನೀವು ಏನು ಮಾಡುತ್ತೀರಿ? ಬಿಗಿತ ಬದಲಿಸದೆ, ಎರಡು ಸೇತುವೆಗಳ ನಡುವಿನ ತಂತಿಯ ಉದ್ದವನ್ನು ಹೊಂದಿಸುತ್ತೀರಿ. ಉದ್ದ ಕಡಿಮೆಯಾದಷ್ಟೂ ಆವೃತ್ತಿ ಹೆಚ್ಚು. ಉದ್ದ ಅರ್ಧವಾದರೆ ಆವೃತ್ತಿ ಎರಡರಷ್ಟು. ಡಲ್ಸಿಮರಿನಲ್ಲಿ ನೋಟರ್ ಕೋಲು ಮಾಡುವುದೂ ಇದೇ ಕೆಲಸ. ವ್ಯತ್ಯಾಸವೆಂದರೆ, ಸೇತುವೆ ಎಲ್ಲಿ ನಿಲ್ಲಬೇಕು ಎಂದು ಲೋಹದ ಫ್ರೆಟ್‌ಗಳು ಮೊದಲೇ ಗುರುತು ಮಾಡಿಟ್ಟಿವೆ. ವೀಣೆಯಲ್ಲಿ ನಾವು ಮೆಟ್ಟಿಲು ಎನ್ನುವುದು ಇದನ್ನೇ.

ನಮ್ಮ ವಾದ್ಯದ ತಂತಿಯ ಉದ್ದ 70 ಸೆಂ.ಮೀ. 7ನೇ ಫ್ರೆಟ್‌ನಿಂದ ಸೇತುವೆಗೆ ಅಳೆದರೆ ಸರಿಯಾಗಿ 35 ಸೆಂ.ಮೀ. ಅಲ್ಲಿ ಮೇಲಿನ 'ಸ' ಸಿಗುತ್ತದೆ. 4ನೇ ಫ್ರೆಟ್‌ನಿಂದ ಸುಮಾರು 46.7 ಸೆಂ.ಮೀ., ಅಂದರೆ ಒಟ್ಟು ಉದ್ದದ ಮೂರನೇ ಎರಡು ಭಾಗ. ಅಲ್ಲಿ 'ಪ'. ಮೂರು ತಂತಿಗಳನ್ನು ಡಿ, ಎ, ಡಿ ಎಂದು ಶ್ರುತಿ ಮಾಡುವುದು ಈಗ ಹೆಚ್ಚು ರೂಢಿಯಲ್ಲಿರುವ ಕ್ರಮ. ಆವೃತ್ತಿಗಳು ಸುಮಾರು 147, 220, 294 ಹರ್ಟ್ಜ್. ಅನುಪಾತ 2:3:4. ನಮ್ಮ ಭಾಷೆಯಲ್ಲಿ ಕೆಳಗಿನ ಸ, ಪ, ಮೇಲಿನ ಸ.

ಗಿಟಾರಿನಲ್ಲಿ ಒಂದು ಸ್ಥಾಯಿಯೊಳಗೆ 12 ಫ್ರೆಟ್‌ಗಳಿರುತ್ತವೆ. ಹಳೆಯ ಡಲ್ಸಿಮರಿನಲ್ಲಿ ಇರುವುದು 7 ಮಾತ್ರ. ಹಾಡಿಗೆ ಬೇಕಾದ ಸ್ವರಗಳನ್ನಷ್ಟೇ ಇಟ್ಟು ಉಳಿದವನ್ನು ಬಿಟ್ಟಿದ್ದಾರೆ. ಆದ್ದರಿಂದಲೇ ಫ್ರೆಟ್‌ಗಳ ನಡುವಿನ ಅಂತರ ಒಂದು ಕಡೆ ದೊಡ್ಡದು, ಇನ್ನೊಂದು ಕಡೆ ಚಿಕ್ಕದು. ತಂತಿಯನ್ನು ಖಾಲಿ ಬಿಟ್ಟು ಅಲ್ಲಿಂದ 7ನೇ ಫ್ರೆಟ್‌ವರೆಗೆ ಏರಿದರೆ ಬರುವುದು ಹರಿಕಾಂಭೋಜಿಯ ಸ್ವರಗಳು. 3ನೇ ಫ್ರೆಟ್‌ನ್ನು 'ಸ' ಎಂದುಕೊಂಡು ಏರಿದರೆ ಶಂಕರಾಭರಣದ ಸ್ವರಗಳು. ಇತ್ತೀಚಿನ ವಾದ್ಯಗಳಲ್ಲಿ 6 ಮತ್ತು 7ರ ನಡುವೆ ಇನ್ನೊಂದು ಫ್ರೆಟ್ ಸೇರಿಸಿರುತ್ತಾರೆ. ಅದಕ್ಕೆ ಸಂಖ್ಯೆ ಕೊಡಲು ಜಾಗವಿಲ್ಲದೆ 'ಆರೂವರೆ' ಎಂದೇ ಕರೆಯುತ್ತಾರೆ.

ಭಾನುವಾರ ನಸುಕಿನ ನಾಲ್ಕೂವರೆ

ನನ್ನ ಅಣ್ಣ ನಾರ್ತ್ ಕೆರೊಲಿನಾದಲ್ಲಿ ಕೆಲಸದಲ್ಲಿದ್ದಾನೆ. 2022ರ ಡಿಸೆಂಬರಿನಲ್ಲಿ ಊರಿಗೆ ಬಂದಾಗ ಸೂಟ್‌ಕೇಸಿನಲ್ಲಿ ಬಟ್ಟೆಗಳ ನಡುವೆ ಸುತ್ತಿ ಈ ವಾದ್ಯ ತಂದ. ಮಕ್ಕಳಿಗೆಂದು ಕೊಂಡಿದ್ದನಂತೆ, ಅವರು ಮುಟ್ಟಲಿಲ್ಲ. "ನಿನ್ನ ಲ್ಯಾಬಿಗೆ ಇರಲಿ" ಎಂದ. ಮುಂದಿನ ಮೇ ತಿಂಗಳಲ್ಲಿ, ಹೊಸಬರಿಗಾಗಿ ಆನ್‌ಲೈನ್ ಕಾರ್ಯಾಗಾರ ಇದೆ, ನಾಲ್ಕು ವಾರ, ಎಂದು ಅವನೇ ಹೆಸರು ನೋಂದಾಯಿಸಿದ. ಕೋವಿಡ್ ಕಾಲದಲ್ಲಿ ಅಲ್ಲಿನ ಡಲ್ಸಿಮರ್ ಉತ್ಸವಗಳು, ಬೇಸಿಗೆ ಶಿಬಿರಗಳು ನಿಂತಾಗ ಕಲಿಸುವವರು ಇಂಟರ್‌ನೆಟ್ಟಿಗೆ ಬಂದರು. ಆಮೇಲೂ ಹಲವರು ಅದನ್ನು ಬಿಡಲಿಲ್ಲ. ಹಾಗಾಗಿಯೇ ಬೆಟ್ಟದ ಒಂದು ಜಗಲಿಯ ಪಾಠ ನಮ್ಮ ಊರಿನ ಅಡುಗೆಮನೆಯ ಮೇಜಿಗೆ ತಲುಪಿತು.

ಅಲ್ಲಿ ಶನಿವಾರ ಸಂಜೆ ಏಳು ಗಂಟೆ ಎಂದರೆ ನಮಗೆ ಭಾನುವಾರ ನಸುಕಿನ ನಾಲ್ಕೂವರೆ. ಪರದೆಯ ಮೇಲೆ ಇಪ್ಪತ್ತು ಚೌಕಗಳು, ಹೆಚ್ಚಿನವರು ನಿವೃತ್ತರು. ನಡುವೆ ಫಜ್ರ್ ಅಝಾನ್ ಆಗುತ್ತಿತ್ತು. ನಾನು ಎದ್ದು ನಮಾಝ್ ಮುಗಿಸಿ ಬಂದು ಮತ್ತೆ ಕೂರುತ್ತಿದ್ದೆ. ತಪ್ಪಿದ ಹತ್ತು ನಿಮಿಷವನ್ನು ಅವರು ಕಳಿಸುತ್ತಿದ್ದ ರೆಕಾರ್ಡಿಂಗಿನಲ್ಲಿ ನೋಡಿಕೊಳ್ಳುತ್ತಿದ್ದೆ.

ಮೊದಲ ಪಾಠದಲ್ಲೇ ಗುರುಗಳು ಹೇಳಿದ ನಿಯಮ: "ಎಲ್ಲರೂ ಮ್ಯೂಟ್ ಮಾಡಿ. ನಾನು ನುಡಿಸುವುದು ನಿಮಗೆ ಕೇಳಿಸುತ್ತದೆ. ನೀವು ನುಡಿಸುವುದು ನಿಮಗೆ ಮಾತ್ರ ಕೇಳಿಸುತ್ತದೆ."

ಇದಕ್ಕೆ ಕಾರಣ ಭೌತಶಾಸ್ತ್ರ. ನಮಗೂ ಅವರಿಗೂ ಸುಮಾರು 14 ಸಾವಿರ ಕಿ.ಮೀ. ದೂರ. ಗಾಜಿನ ಎಳೆಯಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ನೇರವಾಗಿ ಬಂದರೂ ಹೋಗಲು 0.07 ಸೆಕೆಂಡ್, ಬರಲು ಅಷ್ಟೇ. ಕೇಬಲ್ ಸುತ್ತಿ ಬರುವುದು, ಕಂಪ್ಯೂಟರು ಧ್ವನಿಯನ್ನು ಕಟ್ಟಿ ಬಿಚ್ಚುವುದು ಸೇರಿದರೆ ತಡ ಇನ್ನೂ ಹೆಚ್ಚು. ಮಾತಿಗೆ ಇದು ಗೊತ್ತಾಗುವುದಿಲ್ಲ. ಆದರೆ ನಿಮಿಷಕ್ಕೆ 120 ತಾಳದ ಹಾಡಿನಲ್ಲಿ ಒಂದು ತಾಳಕ್ಕೆ ಇರುವುದೇ ಅರ್ಧ ಸೆಕೆಂಡ್. ಇಪ್ಪತ್ತು ಜನ ಮೈಕ್ ತೆರೆದು ಒಟ್ಟಿಗೆ ನುಡಿಸಿದರೆ ಸಂತೆಯ ಗದ್ದಲವಾಗುತ್ತದೆ.

ಇನ್ನೊಂದು ತಮಾಷೆ. ಮೈಕಿನ ಗದ್ದಲ ತೆಗೆಯುವ ತಂತ್ರಾಂಶ ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಸದ್ದು ಎಂದು ತಿಳಿದು ಅಳಿಸಿಬಿಡುತ್ತದೆ. ಡಲ್ಸಿಮರಿನ ಜೀವವೇ ಆ ಒಂದೇ ಸಮನಾದ ಶ್ರುತಿ! ಸೆಟ್ಟಿಂಗ್‌ನಲ್ಲಿ ಮೂಲ ಧ್ವನಿಯನ್ನು ಹಾಗೇ ಬಿಡುವ ಆಯ್ಕೆಯನ್ನು ಒತ್ತದಿದ್ದರೆ ಕೇಳುವವರಿಗೆ ಬರೀ ಟಕ್ ಟಕ್ ಎನ್ನುತ್ತದೆ.

ಕಲಿತದ್ದು ಹೀಗೆ

ಮೊದಲ ವಾರ ಎಡಗೈಗೆ ಕೆಲಸವಿಲ್ಲ. ಬಲಗೈಯಿಂದ ಮೂರು ತಂತಿಗಳನ್ನೂ ಸಮವಾಗಿ ಮೀಟುವುದಷ್ಟೇ, ದಿನಕ್ಕೆ ಹತ್ತು ನಿಮಿಷ. ಎರಡನೇ ವಾರ ನೋಟರ್. ಫ್ರೆಟ್ ಮೇಲೆಯೇ ಒತ್ತಿದರೆ ಸ್ವರ ಮಂಕಾಗುತ್ತದೆ, ಅದರ ಸ್ವಲ್ಪ ಎಡಕ್ಕೆ ಒತ್ತಬೇಕು. ಮೂರನೇ ವಾರ ಟ್ಯಾಬ್ಲೇಚರ್ ಓದುವುದು. ಮೂರು ಅಡ್ಡಗೆರೆ ಎಂದರೆ ಮೂರು ತಂತಿ. ಗೆರೆಯ ಮೇಲಿನ ಅಂಕಿ ಎಂದರೆ ಫ್ರೆಟ್‌ನ ಸಂಖ್ಯೆ. ಸ್ವರಲಿಪಿ ಬರದ ನನ್ನಂಥವರಿಗೂ ಅರ್ಧ ಗಂಟೆಯಲ್ಲಿ ಅರ್ಥವಾಗುತ್ತದೆ.

ಪ್ರತಿ ಪಾಠದ ಕೊನೆಯಲ್ಲಿ ಗುರುಗಳು ಕೇಳುತ್ತಿದ್ದರು: "ಯಾರಾದರೂ ಮೈಕ್ ತೆರೆದು ನುಡಿಸುತ್ತೀರಾ?" ಮೂರನೇ ವಾರ ನನ್ನ ಹೆಸರು ಹಿಡಿದು ಕೇಳಿದರು. ಆ ಸಣ್ಣ ಹಾಡನ್ನು ಮನೆಯಲ್ಲಿ ಐವತ್ತು ಸಲ ನುಡಿಸಿದ್ದೆ. ಮೌಸ್ ಮೈಕಿನ ಗುರುತಿನ ಮೇಲೆಯೇ ಇತ್ತು. ಬೆರಳು ಒತ್ತಲಿಲ್ಲ. ನಲವತ್ಮೂರು ವರ್ಷದ, ದಿನಾ ಎಂಬತ್ತು ಮಕ್ಕಳ ಮುಂದೆ ನಿಲ್ಲುವ ನಾನು, ನೆಟ್‌ವರ್ಕ್ ಸರಿಯಿಲ್ಲ ಎಂದು ಚಾಟ್‌ನಲ್ಲಿ ಸುಳ್ಳು ಟೈಪ್ ಮಾಡಿದೆ.

ಅವರು ಒತ್ತಾಯಿಸಲಿಲ್ಲ. "ಪರವಾಗಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಮೊದಲು ನೀವೇ ಕೇಳಿ. ಮನಸ್ಸಾದರೆ ನನಗೆ ಕಳಿಸಿ" ಎಂದರು.

ಆ ಕಪ್ಪು ಚೌಕ

ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಒಬ್ಬ ಹುಡುಗ ನೆನಪಾದ. 2021ರಲ್ಲಿ ನಮ್ಮ ತರಗತಿಗಳು ಆನ್‌ಲೈನಿನಲ್ಲಿ ನಡೆಯುತ್ತಿದ್ದಾಗ ಅವನು ದಿನವೂ ಹಾಜರಿರುತ್ತಿದ್ದ, ಆದರೆ ಕಪ್ಪು ಚೌಕವಾಗಿ. ಪ್ರಶ್ನೆ ಕೇಳಿದರೆ ಉತ್ತರವಿಲ್ಲ. ಮೂರು ಸಲ ಹೆಸರು ಕರೆದು, ಎಲ್ಲರಿಗೂ ಕೇಳುವಂತೆ, "ಮಲಗುವವರು ಲೀವ್ ಆಗಿ ಮಲಗಬಹುದು" ಎಂದಿದ್ದೆ. ಚೌಕ ಮಾಯವಾಯಿತು. ಮತ್ತೆರಡು ವಾರ ಅವನು ಬರಲಿಲ್ಲ. ಸೋಮಾರಿ ಎಂದುಕೊಂಡು ಮರೆತಿದ್ದೆ.

ಆ ಭಾನುವಾರ ಹಳೆಯ ಹಾಜರಿ ಪುಸ್ತಕದಲ್ಲಿ ನಂಬರ್ ಹುಡುಕಿ ಅವನಿಗೆ ಫೋನ್ ಮಾಡಿದೆ. ಈಗ ಬಿ.ಕಾಂ. ಓದುತ್ತಿದ್ದಾನೆ. ಕೇಳಿದ್ದಕ್ಕೆ ಸಂಕೋಚದಿಂದ ಹೇಳಿದ: "ಮೇಡಂ, ಫೋನ್ ಅಬ್ಬಾದು. ಗ್ಯಾರೇಜಿನಲ್ಲಿ ಕೂತು ಕ್ಲಾಸ್ ಕೇಳ್ತಿದ್ದೆ. ಒಮ್ಮೆ ಮೈಕ್ ಆನ್ ಮಾಡಿದಾಗ ಹಿಂದೆ ಸುತ್ತಿಗೆ ಸದ್ದು ಬಂತು, ಯಾರೋ ನಕ್ಕರು. ಆಮೇಲೆ ಆನ್ ಮಾಡಲಿಲ್ಲ. ಆದರೆ ನೋಟ್ಸ್ ಎಲ್ಲಾ ಬರೆದಿದ್ದೆ." ನಾನು ಕ್ಷಮೆ ಕೇಳಿದೆ. ಅವನು "ಅಯ್ಯೋ ಬಿಡಿ ಮೇಡಂ" ಎಂದು ನಕ್ಕ. ಅವನು ನಕ್ಕ ಮಾತ್ರಕ್ಕೆ ನನ್ನ ಮನಸ್ಸು ಹಗುರವಾಗಲಿಲ್ಲ.

ಡಲ್ಸಿಮರನ್ನು ಜಗತ್ತಿಗೆ ಪರಿಚಯಿಸಿದವರಲ್ಲಿ ಜೀನ್ ರಿಚಿ ದೊಡ್ಡ ಹೆಸರು. 1922ರಲ್ಲಿ ಕೆಂಟಕಿಯ ವೈಪರ್ ಎಂಬ ಊರಿನಲ್ಲಿ, 14 ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದರು. ಮುಂದೆ ನ್ಯೂಯಾರ್ಕಿಗೆ ಹೋಗಿ ಮಕ್ಕಳಿಗೆ ಹಾಡು ಕಲಿಸಿದರು. 1952ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನ ಪಡೆದು, ತಮ್ಮ ಮನೆಯ ಹಾಡುಗಳ ಮೂಲ ಹುಡುಕಿಕೊಂಡು ಬ್ರಿಟನ್ ಮತ್ತು ಐರ್ಲೆಂಡಿಗೆ ಹೋದರು. 1963ರಲ್ಲಿ ಡಲ್ಸಿಮರ್ ಕಲಿಯುವವರಿಗಾಗಿ ಪುಸ್ತಕ ಬರೆದರು. ಅವರ ತಂದೆ ತಮ್ಮ ಡಲ್ಸಿಮರನ್ನು ಮಕ್ಕಳು ಮುಟ್ಟಬಾರದು ಎಂದಿದ್ದರಂತೆ. ಐದರ ಆಸುಪಾಸಿನ ಈ ಹುಡುಗಿ ಕದ್ದು ನುಡಿಸುತ್ತಿದ್ದಳು. ತಂದೆ ಕಲಿಸಲು ಕೂರಿಸಿಕೊಂಡಾಗ ಅವಳಿಗೆ ಆಗಲೇ ನುಡಿಸಲು ಬರುತ್ತಿತ್ತು. ಯಾರ ಕಿವಿಗೂ ಬೀಳದೆ ನಡೆದ ಕಲಿಕೆ ಅದು. ನನ್ನ ಆ ವಿದ್ಯಾರ್ಥಿಯದ್ದೂ ಅಂಥದ್ದೇ. ನನಗೆ ಕೇಳಿಸದ್ದನ್ನು ನಾನು ಇಲ್ಲವೇ ಇಲ್ಲ ಎಂದುಕೊಂಡಿದ್ದೆ.

ರೆಕಾರ್ಡಿಂಗ್

ಗುರುಗಳು ಹೇಳಿದಂತೆ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದೆ. ಚೆನ್ನಾಗಿ ನುಡಿಸುತ್ತಿದ್ದೇನೆ ಎಂದುಕೊಂಡಿದ್ದೆ. 1ರಿಂದ 4ನೇ ಫ್ರೆಟ್‌ಗೆ ಜಾರುವಲ್ಲಿ ಪ್ರತಿ ಸಲವೂ ತಾಳ ನಿಲ್ಲುತ್ತಿತ್ತು. ನುಡಿಸುವಾಗ ಇದು ಗೊತ್ತೇ ಆಗಿರಲಿಲ್ಲ, ಕೈಯ ಕಡೆ ಗಮನವಿದ್ದಾಗ ಕಿವಿ ಕೆಲಸ ಮಾಡುವುದಿಲ್ಲ. ಆ ಒಂದು ಜಾರುವಿಕೆಯನ್ನು ಮಾತ್ರ ವಾರವಿಡೀ ಅಭ್ಯಾಸ ಮಾಡಿ, ಆರನೇ ರೆಕಾರ್ಡಿಂಗನ್ನು ಕಳಿಸಿದೆ. ಮರುದಿನ ಉತ್ತರ ಬಂತು: ತಾಳ ಸರಿಯಾಗಿದೆ, ಬಲಗೈ ಇನ್ನೂ ಮೆಲ್ಲಗಿರಲಿ.

ನಾಲ್ಕನೇ ವಾರ ಮೈಕ್ ತೆರೆದೆ. ಎರಡು ಕಡೆ ತಪ್ಪಿತು. ಹಿಂದಿನಿಂದ ಕುಕ್ಕರಿನ ಸೀಟಿಯೂ ಬಂತು. ಯಾರೂ ನಗಲಿಲ್ಲ. ಯಾರೋ ಅಜ್ಜಿಯೊಬ್ಬರು, ನಿಮ್ಮಲ್ಲಿ ಈಗ ತಿಂಡಿಯ ಹೊತ್ತೇ ಎಂದು ಚಾಟ್‌ನಲ್ಲಿ ಕೇಳಿದರು.

ಅಂದಿನಿಂದ ನನ್ನ ತರಗತಿಯಲ್ಲಿ ಒಂದು ಬದಲಾವಣೆ ಮಾಡಿದ್ದೇನೆ. ಪ್ರಯೋಗದ ಮೌಖಿಕ ಅಭ್ಯಾಸಕ್ಕೆ ಎದ್ದು ನಿಂತು ಉತ್ತರಿಸಲು ಹೆದರುವವರು ಉತ್ತರವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ, ಮೊದಲು ತಾವೇ ಕೇಳಿ, ಆಮೇಲೆ ನನಗೆ ಕಳಿಸಬಹುದು. ವರ್ಷದ ಕೊನೆಯೊಳಗೆ ಒಮ್ಮೆ ಎಲ್ಲರ ಮುಂದೆ ಹೇಳಬೇಕು. ಯಾವಾಗ ಎಂಬುದನ್ನು ಅವರೇ ಆರಿಸಲಿ. ಸಹೋದ್ಯೋಗಿಗಳೂ ಪ್ರಯತ್ನಿಸಿ ನೋಡಬಹುದು.

ಕಪಾಟಿನ ಕೀಲಿ ಲ್ಯಾಬ್ ಸಹಾಯಕರ ಬಳಿ ಇರುತ್ತದೆ. ಮಧ್ಯಾಹ್ನದ ಬಿಡುವಿನಲ್ಲಿ ಅಳತೆ ಪಟ್ಟಿಯೊಂದಿಗೆ ಬನ್ನಿ. ನಮ್ಮ ವಾದ್ಯದಲ್ಲಿ ಆ ಆರೂವರೆ ಫ್ರೆಟ್ ಇಲ್ಲ. 12 ಸಮ ಹೆಜ್ಜೆಗಳ ಸ್ಥಾಯಿಯಲ್ಲಿ ಅದು 11ನೇ ಹೆಜ್ಜೆ. ಪ್ರತಿ ಹೆಜ್ಜೆಗೂ ಆವೃತ್ತಿ ಒಂದೇ ಅನುಪಾತದಲ್ಲಿ ಹೆಚ್ಚುತ್ತದೆ. ಹಾಗಾದರೆ ಸೇತುವೆಯಿಂದ ಎಷ್ಟು ಸೆಂ.ಮೀ. ದೂರದಲ್ಲಿ ಅದನ್ನು ಕೂರಿಸಬೇಕು? ಲೆಕ್ಕ ಮಾಡಿ, ಅಲ್ಲಿ ನೋಟರ್ ಒತ್ತಿ, ಮೀಟಿ ನೋಡಿ. ಉತ್ತರ ಸರಿಯೋ ತಪ್ಪೋ ಎಂದು ನಾನು ಹೇಳುವ ಮೊದಲೇ ನಿಮ್ಮ ಕಿವಿ ಹೇಳುತ್ತದೆ.