ಕಂಪ್ಯೂಟರಿಗೊಂದು ಜರಡಿ: ಮುಕ್ತ ತಂತ್ರಾಂಶದಿಂದ ಜಾಹೀರಾತು ತಡೆಯುವ ಬಗೆ

ಬೆಳಗಿನ ಕಾಫಿಯ ಜೊತೆ ಕನ್ನಡ ಪತ್ರಿಕೆ ಓದುವ ಅಭ್ಯಾಸವನ್ನು ನಮ್ಮಲ್ಲಿ ಹಲವರು ಜರ್ಮನಿಗೆ ಬಂದ ಮೇಲೂ ಬಿಟ್ಟಿಲ್ಲ. ಕಾಗದದ ಜಾಗಕ್ಕೆ ಪರದೆ ಬಂದಿದೆ, ಅಷ್ಟೆ. ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಕಾಗದದಲ್ಲಿ ಅಚ್ಚಾದ ಸೀರೆ ಅಂಗಡಿಯ ಜಾಹೀರಾತು ಊರಿಗೆಲ್ಲ ಒಂದೇ. ಅದನ್ನು ಯಾರು ನೋಡಿದರು, ಎಷ್ಟು ಹೊತ್ತು ನೋಡಿದರು, ಆಮೇಲೆ ಯಾವ ಪುಟ ತಿರುವಿದರು ಎಂಬುದು ಅಂಗಡಿಯವರಿಗೆ ಗೊತ್ತಾಗುವುದಿಲ್ಲ. ಪರದೆಯ ಜಾಹೀರಾತಾದರೋ, ನಾವು ಅದನ್ನು ನೋಡುವ ಮೊದಲೇ ನಮ್ಮನ್ನು ನೋಡಿರುತ್ತದೆ. ಅದು ಹೇಗೆ, ಅದನ್ನು ಖರ್ಚಿಲ್ಲದೆ ತಡೆಯುವುದು ಹೇಗೆ, ತಡೆಯುವುದು ನ್ಯಾಯವೇ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಪ್ರಯತ್ನಿಸುತ್ತೇನೆ.

ಒಂದು ಪುಟ, ಹಲವು ಅತಿಥಿಗಳು

1994ರ ಅಕ್ಟೋಬರ್ 27ರಂದು ಅಮೆರಿಕದ ಹಾಟ್‌ವೈರ್ಡ್ ಎಂಬ ಜಾಲಪತ್ರಿಕೆ ಎಟಿ ಅಂಡ್ ಟಿ ಕಂಪನಿಯ ಪಟ್ಟಿ ಜಾಹೀರಾತನ್ನು ಪ್ರಕಟಿಸಿತು. ಜಾಲದ ಜಾಹೀರಾತಿನ ಚರಿತ್ರೆ ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ. ಅದೇ ವರ್ಷ ನೆಟ್‌ಸ್ಕೇಪ್ ಕಂಪನಿಯ ಲೂ ಮಾಂಟುಲ್ಲಿ 'ಕುಕಿ'ಯನ್ನು ರೂಪಿಸಿದರು. ಜಾಲತಾಣವು ನಮ್ಮ ಕಂಪ್ಯೂಟರಿನಲ್ಲಿ ಬಿಟ್ಟುಹೋಗುವ ಸಣ್ಣ ಗುರುತಿನ ಚೀಟಿ ಇದು. ಅಂಗಡಿ ತಾಣವೊಂದು ನಮ್ಮ ಬುಟ್ಟಿಯಲ್ಲಿ ಏನಿದೆ ಎಂದು ನೆನಪಿಟ್ಟುಕೊಳ್ಳುವುದಕ್ಕೆ ಹುಟ್ಟಿದ ಉಪಾಯ. ಮುಂದೆ ಈ ಚೀಟಿಯೂ ಜಾಹೀರಾತೂ ಜೊತೆಗೂಡಿದವು.

ಇದನ್ನು ಅರ್ಥಮಾಡಿಕೊಳ್ಳಲು ಒಂದು ಜಾಲಪುಟ ತೆರೆಯುವಾಗ ಏನಾಗುತ್ತದೆ ಎಂದು ನೋಡಬೇಕು. ಪುಟವೆಂದರೆ ಸಿದ್ಧ ಚಿತ್ರವಲ್ಲ, ಅದೊಂದು ಅಡುಗೆಯ ವಿಧಾನದಂತೆ. 'ಈ ಬರಹ ಇಲ್ಲಿಂದ ತಾ, ಆ ಚಿತ್ರ ಅಲ್ಲಿಂದ ತಾ, ಈ ಪ್ರೋಗ್ರಾಂ ಓಡಿಸು' ಎಂಬ ಸೂಚನೆಗಳ ಸರಣಿ. ಬ್ರೌಸರ್ ಅವನ್ನೆಲ್ಲ ತಂದು ನಮ್ಮ ಕಂಪ್ಯೂಟರಿನಲ್ಲಿ ಜೋಡಿಸುತ್ತದೆ. ಪತ್ರಿಕೆಯ ಸರ್ವರ್‌ನಿಂದ ಬರುವುದು ಅದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಜಾಹೀರಾತು ಜಾಲಗಳು, ಓದುಗರ ಎಣಿಕೆ ಮಾಡುವವರು, ಮಾಹಿತಿ ಮಾರುವವರು ಮೊದಲಾದವರಿಂದ ಬರುತ್ತದೆ. ಊಟಕ್ಕೆ ಕರೆದ ಒಬ್ಬರು ತಮ್ಮ ಹಿಂದೆ ಹತ್ತಾರು ಅಪರಿಚಿತರನ್ನು ಕರೆತಂದಂತೆ.

ಜಾಹೀರಾತಿನ ಜಾಗವನ್ನು ಪುಟ ತೆರೆಯುವ ಕ್ಷಣದಲ್ಲೇ ಹರಾಜು ಹಾಕುವುದು ಈಗಿನ ಪದ್ಧತಿ. ಓದುಗನ ಊರು, ಭಾಷೆ, ಹಿಂದೆ ನೋಡಿದ ತಾಣಗಳು ಇವುಗಳ ಸುಳಿವು ಕೊಂಡುಕೊಳ್ಳುವವರಿಗೆಲ್ಲ ಹೋಗುತ್ತದೆ. ಸೆಕೆಂಡಿನ ಒಂದು ಭಾಗದಲ್ಲಿ ಹರಾಜು ಮುಗಿದು ಗೆದ್ದವರ ಜಾಹೀರಾತು ಬಂದು ಕೂರುತ್ತದೆ. ಸೋತವರಿಗೂ ಸುಳಿವು ಸಿಕ್ಕಿರುತ್ತದೆ ಎಂಬುದನ್ನು ಗಮನಿಸಿ.

ಕಿರಿಕಿರಿಗಿಂತ ದೊಡ್ಡ ತೊಂದರೆ

ಬರೀ ಕಿರಿಕಿರಿಯಾಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಹರಾಜಿನಲ್ಲಿ ಗೆದ್ದವರು ಯಾರು ಎಂಬುದು ಪತ್ರಿಕೆಗೂ ಮೊದಲೇ ತಿಳಿದಿರುವುದಿಲ್ಲ. 2016ರ ಮಾರ್ಚ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್, ಬಿಬಿಸಿ ಮೊದಲಾದ ದೊಡ್ಡ ತಾಣಗಳಲ್ಲಿ, ಜಾಹೀರಾತು ಜಾಲಗಳ ಮೂಲಕ ನುಸುಳಿದ ದುಷ್ಟ ಜಾಹೀರಾತುಗಳು ಓದುಗರ ಕಂಪ್ಯೂಟರಿಗೆ ಹಾನಿಕಾರಕ ತಂತ್ರಾಂಶ ತುಂಬಲು ಯತ್ನಿಸಿದ್ದವು. ತಾಣಗಳು ಪ್ರತಿಷ್ಠಿತವೇ, ಆದರೆ ಅವುಗಳ ಬೆನ್ನ ಹಿಂದೆ ಬಂದ ಅತಿಥಿ ಕಳ್ಳ.

2022ರ ಡಿಸೆಂಬರ್‌ನಲ್ಲಿ ಅಮೆರಿಕದ ಎಫ್‌ಬಿಐ ಒಂದು ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಹುಡುಕಾಟದ ಫಲಿತಾಂಶಗಳ ಮೇಲ್ತುದಿಯಲ್ಲಿ ಜಾಹೀರಾತು ಕೊಂಡು, ಹೆಸರಾಂತ ಸಂಸ್ಥೆಗಳ ವೇಷದಲ್ಲಿ ಜನರನ್ನು ನಕಲಿ ತಾಣಗಳಿಗೆ ಎಳೆಯುವವರ ಬಗ್ಗೆ ಅದು ಹೇಳಿತ್ತು. ಅದರ ಸಲಹೆಗಳಲ್ಲಿ ಒಂದು: ಜಾಲದಲ್ಲಿ ಹುಡುಕುವಾಗ ಜಾಹೀರಾತು ತಡೆಯುವ ಎಕ್ಸ್‌ಟೆನ್ಷನ್ ಬಳಸಿ. ಊರಿನಲ್ಲಿರುವ ಅಪ್ಪ ಅಮ್ಮ ಬ್ಯಾಂಕಿನ ಅಥವಾ ಗ್ಯಾಸ್ ಏಜೆನ್ಸಿಯ 'ಕಸ್ಟಮರ್ ಕೇರ್' ಸಂಖ್ಯೆಯನ್ನು ಹುಡುಕುವುದನ್ನು ನೆನೆಸಿಕೊಂಡರೆ ಈ ಸಲಹೆಯ ಬೆಲೆ ತಿಳಿಯುತ್ತದೆ. ನಾವು ಸಾವಿರಾರು ಮೈಲಿ ದೂರದಲ್ಲಿದ್ದೇವೆ. ಮೊದಲ ಸಾಲಿನಲ್ಲಿ ಕಂಡದ್ದೇ ನಿಜವೆಂದು ನಂಬಿ ಅವರು ಫೋನ್ ಮಾಡುವ ಹೊತ್ತಿಗೆ ನಾವು ಪಕ್ಕದಲ್ಲಿ ಇರುವುದಿಲ್ಲ.

ಜರಡಿ ಕೆಲಸ ಮಾಡುವ ರೀತಿ

ಜಾಹೀರಾತು ತಡೆಯುವ ತಂತ್ರಾಂಶಕ್ಕೆ ಯಾವುದು ಜಾಹೀರಾತು ಎಂದು ತಾನಾಗಿ ತಿಳಿಯುವುದಿಲ್ಲ. ಅದರ ಬುದ್ಧಿಯೆಲ್ಲ ಒಂದು ಪಟ್ಟಿಯಲ್ಲಿದೆ. ಇವುಗಳಲ್ಲಿ ಹೆಸರಾದದ್ದು ಈಸಿಲಿಸ್ಟ್. ಇದನ್ನು 2005ರಲ್ಲಿ ರಿಕ್ ಪೆಟ್ನೆಲ್ ಆರಂಭಿಸಿದರು. 2009ರಲ್ಲಿ ಅವರು ತೀರಿಕೊಂಡ ಮೇಲೆ ಸ್ವಯಂಸೇವಕರು ಮುಂದುವರಿಸಿಕೊಂಡು ಬಂದಿದ್ದಾರೆ. ಇದರಲ್ಲಿ ಹತ್ತಾರು ಸಾವಿರ ನಿಯಮಗಳಿವೆ.

ನಿಯಮಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು, 'ಈ ಸರ್ವರ್‌ನಿಂದ ಏನನ್ನೂ ತರಬೇಡ' ಎನ್ನುವುದು. ಬ್ರೌಸರ್ ಆ ವಿಳಾಸಕ್ಕೆ ಕೋರಿಕೆಯನ್ನೇ ಕಳಿಸುವುದಿಲ್ಲ. ಹಾಗಾಗಿ ಜಾಹೀರಾತೂ ಬರುವುದಿಲ್ಲ, ನಮ್ಮ ಸುಳಿವೂ ಹೋಗುವುದಿಲ್ಲ, ಪುಟವೂ ಬೇಗ ತೆರೆಯುತ್ತದೆ. ಎರಡನೆಯದು, 'ಪುಟದ ಈ ಚೌಕವನ್ನು ತೋರಿಸಬೇಡ' ಎನ್ನುವುದು. ಜಾಹೀರಾತು ಹೋದ ಮೇಲೆ ಉಳಿಯುವ ಖಾಲಿ ಜಾಗವನ್ನು ಇದು ಮರೆಮಾಡುತ್ತದೆ. ನಿಜವಾದ ರಕ್ಷಣೆ ಸಿಗುವುದು ಮೊದಲನೆಯದರಿಂದ.

ಇದೇ ಕೆಲಸವನ್ನು ಮನೆಯ ಇಡೀ ಜಾಲಕ್ಕೆ ಮಾಡುವ ಉಪಾಯವೂ ಇದೆ. ರಾಸ್ಪ್‌ಬೆರಿ ಪೈ ಎಂಬ ಅಂಗೈ ಅಗಲದ ಕಂಪ್ಯೂಟರಿನಲ್ಲಿ ಪೈ-ಹೋಲ್ ಎಂಬ ಮುಕ್ತ ತಂತ್ರಾಂಶ ಹಾಕಿದರೆ, ಜಾಹೀರಾತು ಸರ್ವರ್‌ಗಳ ವಿಳಾಸ ಕೇಳಿದ ಉಪಕರಣಗಳಿಗೆಲ್ಲ ಅದು 'ಅಂಥದ್ದು ಇಲ್ಲ' ಎಂಬಂತೆ ಉತ್ತರ ಕೊಡುತ್ತದೆ. ಟಿವಿಗೂ ಫೋನಿಗೂ ಇದು ಅನ್ವಯ. ಆದರೆ ಜಾಹೀರಾತೂ ವಿಷಯವೂ ಒಂದೇ ಸರ್ವರ್‌ನಿಂದ ಬಂದರೆ ಇದು ಕೈಚೆಲ್ಲುತ್ತದೆ. ಹೆಚ್ಚಿನ ಮನೆಗಳಿಗೆ ಬ್ರೌಸರಿನೊಳಗಿನ ಜರಡಿಯೇ ಸಾಕು.

'ಮುಕ್ತ' ಏಕೆ ಮುಖ್ಯ

ಮುಕ್ತ ತಂತ್ರಾಂಶ ಎಂದರೆ ಬಿಟ್ಟಿ ಎಂದಷ್ಟೇ ಅರ್ಥವಲ್ಲ. 1985ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಸ್ಥಾಪಿಸಿದ ರಿಚರ್ಡ್ ಸ್ಟಾಲ್‌ಮನ್ ಅವರ ವಿವರಣೆಯಂತೆ ಅದನ್ನು ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು. ಜಾಹೀರಾತು ತಡೆಯುವ ತಂತ್ರಾಂಶದ ಮಟ್ಟಿಗೆ ಇದು ಬರೀ ತತ್ತ್ವದ ಮಾತಲ್ಲ. ನಾವು ತೆರೆಯುವ ಪ್ರತಿ ಪುಟವನ್ನೂ ನೋಡುವ ಅನುಮತಿಯನ್ನು ಅದಕ್ಕೆ ಕೊಡುತ್ತೇವೆ. ಕಾವಲುಗಾರನೇ ಕಳ್ಳನಾದರೆ?

ಹಾಗೆ ಆದದ್ದೂ ಉಂಟು. 2020ರಲ್ಲಿ ನ್ಯಾನೋ ಆ್ಯಡ್‌ಬ್ಲಾಕರ್, ನ್ಯಾನೋ ಡಿಫೆಂಡರ್ ಎಂಬ ಕ್ರೋಮ್ ಎಕ್ಸ್‌ಟೆನ್ಷನ್‌ಗಳನ್ನು ಅವುಗಳ ಕರ್ತೃ ಬೇರೆಯವರಿಗೆ ಮಾರಿದರು. ಹೊಸ ಮಾಲೀಕರು ಬಳಕೆದಾರರ ಮಾಹಿತಿ ಹೊರಗೆ ಕಳಿಸುವ ಸಾಲುಗಳನ್ನು ಸೇರಿಸಿದರು. ಹಳೆಯ ಬಹಿರಂಗ ಕೋಡ್ ಕಣ್ಣೆದುರಿಗಿದ್ದುದರಿಂದ ಹೊಸದರಲ್ಲಿ ಏನು ಬದಲಾಗಿದೆ ಎಂದು ಹೋಲಿಸಿ ನೋಡಲು ತಿಳಿದವರಿಗೆ ಸಾಧ್ಯವಾಯಿತು. ಗೂಗಲ್ ಅವನ್ನು ತನ್ನ ಅಂಗಡಿಯಿಂದ ತೆಗೆದುಹಾಕಿತು.

ನಾನು ಶಿಫಾರಸು ಮಾಡುವುದು ಯುಬ್ಲಾಕ್ ಒರಿಜಿನ್. ಕೆನಡಾದ ರೇಮಂಡ್ ಹಿಲ್ ಇದರ ಕರ್ತೃ. ಕೋಡ್ ಜಿಪಿಎಲ್ ಪರವಾನಗಿಯಡಿ ಬಹಿರಂಗವಾಗಿದೆ. ಇದಕ್ಕೆ ಅವರು ದೇಣಿಗೆಯನ್ನೂ ಪಡೆಯುವುದಿಲ್ಲ. ಇನ್ನೊಂದು ಹೆಸರಾಂತ ಮುಕ್ತ ತಂತ್ರಾಂಶ ಆ್ಯಡ್‌ಬ್ಲಾಕ್ ಪ್ಲಸ್ ನಮ್ಮ ಕೊಲೋನ್ ನಗರದ ಐಓ ಕಂಪನಿಯದು. ಅದು 2011ರಿಂದ 'ಒಪ್ಪತಕ್ಕ ಜಾಹೀರಾತು'ಗಳನ್ನು ತಾನಾಗಿ ಒಳಬಿಡುತ್ತದೆ, ದೊಡ್ಡ ಕಂಪನಿಗಳಿಂದ ಅದಕ್ಕೆ ಶುಲ್ಕ ಪಡೆಯುತ್ತದೆ. ಬೇಡವೆನ್ನುವವರು ಸೆಟ್ಟಿಂಗ್ಸ್‌ನಲ್ಲಿ ಅದನ್ನು ಆರಿಸಬಹುದು.

ಹಾಕಿಕೊಳ್ಳುವ ಕ್ರಮ

ಬ್ರೌಸರ್ ಫೈರ್‌ಫಾಕ್ಸ್ ಆಗಿದ್ದರೆ ಒಳ್ಳೆಯದು. ಗೂಗಲ್ ಕ್ರೋಮ್ 2024ರಿಂದ ಹಂತಹಂತವಾಗಿ ಹಳೆಯ ಎಕ್ಸ್‌ಟೆನ್ಷನ್ ಪದ್ಧತಿಯನ್ನು ನಿಲ್ಲಿಸಿದ್ದರಿಂದ ಅಲ್ಲಿ ಪೂರ್ಣ ಯುಬ್ಲಾಕ್ ಒರಿಜಿನ್ ಓಡುವುದಿಲ್ಲ. ಅದರ 'ಲೈಟ್' ರೂಪ ಸಿಗುತ್ತದೆ. ಶಕ್ತಿ ಸ್ವಲ್ಪ ಕಡಿಮೆ, ಆದರೂ ಇಲ್ಲದಿರುವುದಕ್ಕಿಂತ ಮೇಲು.

1. ಫೈರ್‌ಫಾಕ್ಸಿನ ಮೆನುವಿನಲ್ಲಿ ಆ್ಯಡ್-ಆನ್‌ಗಳ ವಿಭಾಗ ತೆರೆದು ಯುಬ್ಲಾಕ್ ಒರಿಜಿನ್ ಎಂದು ಹುಡುಕಿ. ಹೋಲುವ ಹೆಸರಿನವು ಬೇರೆ ಇವೆ. 'ಒರಿಜಿನ್' ಎಂಬ ಪದವನ್ನೂ ರೇಮಂಡ್ ಹಿಲ್ ಹೆಸರನ್ನೂ ನೋಡಿಯೇ ಸೇರಿಸಿ.

2. ಮೇಲೆ ಬಲಗಡೆ ಕೆಂಪು ಗುರಾಣಿಯ ಚಿಹ್ನೆ ಬರುತ್ತದೆ. ಅದನ್ನು ಒತ್ತಿ, ಹಲ್ಲುಚಕ್ರದ ಗುರುತಿನಿಂದ ಸೆಟ್ಟಿಂಗ್ಸ್‌ಗೆ ಹೋಗಿ, 'ಫಿಲ್ಟರ್ ಲಿಸ್ಟ್ಸ್' ತೆರೆಯಿರಿ.

3. ಇಲ್ಲಿ ನಮ್ಮಂಥವರು ಮಾಡಬೇಕಾದ ಒಂದು ಕೆಲಸವಿದೆ. ಪ್ರಾದೇಶಿಕ ಪಟ್ಟಿಗಳನ್ನು ಈ ತಂತ್ರಾಂಶ ಬ್ರೌಸರಿನ ಭಾಷೆ ನೋಡಿ ಆರಿಸುತ್ತದೆ. ನಮ್ಮ ಬ್ರೌಸರುಗಳು ಇಂಗ್ಲಿಷಿನಲ್ಲೋ ಜರ್ಮನ್ನಿನಲ್ಲೋ ಇರುವುದರಿಂದ ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳ ತಾಣಗಳಿಗಾಗಿರುವ 'ಇಂಡಿಯನ್‌ಲಿಸ್ಟ್' ತಾನಾಗಿ ಸೇರಿರುವುದಿಲ್ಲ. ಪ್ರದೇಶ ಮತ್ತು ಭಾಷೆಗಳ ವಿಭಾಗದಲ್ಲಿ ಅದಕ್ಕೂ 'ಈಸಿಲಿಸ್ಟ್ ಜರ್ಮನಿ'ಗೂ ಗುರುತು ಹಾಕಿ, ಮೇಲಿನ 'ಅಪ್ಲೈ' ಗುಂಡಿ ಒತ್ತಿ.

4. ಯಾವುದಾದರೂ ತಾಣ ಸರಿಯಾಗಿ ಕೆಲಸ ಮಾಡದಿದ್ದರೆ ಗುರಾಣಿಯೊಳಗಿನ ದೊಡ್ಡ ಪವರ್ ಗುಂಡಿ ಒತ್ತಿ ಪುಟವನ್ನು ಮತ್ತೆ ತೆರೆಯಿರಿ. ಆ ತಾಣಕ್ಕೆ ಮಾತ್ರ ಜರಡಿ ತೆಗೆದಂತಾಗುತ್ತದೆ.

ಗುರಾಣಿಯ ಮೇಲೆ ಕಾಣುವ ಅಂಕಿ ಆ ಪುಟದಲ್ಲಿ ತಡೆದ ಕೋರಿಕೆಗಳ ಲೆಕ್ಕ. ಸುದ್ದಿತಾಣಗಳಲ್ಲಿ ಅದು ಎರಡಂಕಿ ದಾಟುವುದು ಅಪರೂಪವಲ್ಲ. ಮಕ್ಕಳಿಗೆ ಅದನ್ನು ತೋರಿಸಿ. ನೀತಿಬೋಧೆಗಿಂತ ಆ ಅಂಕಿ ಚೆನ್ನಾಗಿ ಅರ್ಥ ಮಾಡಿಸುತ್ತದೆ.

ಇದು ನ್ಯಾಯವೇ?

ಈ ಪ್ರಶ್ನೆ ಜರ್ಮನಿಯಲ್ಲಿ ಕೋರ್ಟಿನ ಮೆಟ್ಟಿಲೇರಿದೆ. ಆಕ್ಸೆಲ್ ಸ್ಪ್ರಿಂಗರ್ ಪ್ರಕಾಶನ ಸಂಸ್ಥೆ ಆ್ಯಡ್‌ಬ್ಲಾಕ್ ಪ್ಲಸ್ ವಿರುದ್ಧ ಹೂಡಿದ ದಾವೆಯಲ್ಲಿ, 2018ರ ಏಪ್ರಿಲ್ 19ರಂದು ಕಾರ್ಲ್ಸ್‌ರೂಹೆಯ ಸರ್ವೋಚ್ಚ ನ್ಯಾಯಾಲಯವು ಇಂಥ ತಂತ್ರಾಂಶ ಕೊಡುವುದು ಅನುಚಿತ ಸ್ಪರ್ಧೆಯಲ್ಲ ಎಂದಿತು. ಬಳಸುವ ತೀರ್ಮಾನ ಬಳಕೆದಾರನದು. ಹಾಗೆಯೇ, ತಡೆ ಹಾಕಿಕೊಂಡವರಿಗೆ ಪುಟ ತೋರಿಸದಿರುವ ದಾರಿ ಪ್ರಕಾಶಕರಿಗೂ ಇದೆ. ಕೃತಿಸ್ವಾಮ್ಯದ ಆಧಾರದ ಇನ್ನೊಂದು ದಾವೆಯ ಒಂದು ಭಾಗವನ್ನು ಅದೇ ನ್ಯಾಯಾಲಯ 2025ರ ಜುಲೈ 31ರಂದು ಮರುವಿಚಾರಣೆಗಾಗಿ ಹ್ಯಾಂಬರ್ಗಿಗೆ ಹಿಂದಿರುಗಿಸಿತು.

ಕಾನೂನು ಏನೇ ಇರಲಿ, ಬರೆಯುವವರಿಗೂ ಹೊಟ್ಟೆಯಿದೆ. ಸಣ್ಣ ಕನ್ನಡ ತಾಣಗಳು ಬಹುತೇಕ ಜಾಹೀರಾತಿನ ಮೇಲೇ ನಡೆಯುತ್ತವೆ. ನಾನು ಪಾಲಿಸುವ ಕ್ರಮ ಇದು: ದಿನವೂ ಓದುವ ಪತ್ರಿಕೆಗೆ ಚಂದಾ ಕೊಡುವುದು, ಮರ್ಯಾದೆಯಾಗಿ ಜಾಹೀರಾತು ತೋರಿಸುವ ಸಣ್ಣ ತಾಣಗಳಿಗೆ ಪವರ್ ಗುಂಡಿ ಒತ್ತಿ ದಾರಿ ಬಿಡುವುದು, ಉಳಿದೆಡೆ ಜರಡಿಯನ್ನು ಹಾಗೇ ಇಟ್ಟುಕೊಳ್ಳುವುದು. ಮನೆಗೆ ಯಾರು ಬರಬೇಕು ಎಂದು ನಿರ್ಧರಿಸುವ ಮನೆಯವರು ಯಾರನ್ನು ಆದರಿಸಬೇಕು ಎಂಬುದನ್ನೂ ನಿರ್ಧರಿಸಬೇಕಲ್ಲವೆ?

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಹಿರಿಯರ ಕಂಪ್ಯೂಟರಿಗೆ ಇದನ್ನು ಹಾಕಿಕೊಡಿ. ಆಂಡ್ರಾಯ್ಡ್ ಫೋನಿನ ಫೈರ್‌ಫಾಕ್ಸಿನಲ್ಲೂ ಇದೇ ತಂತ್ರಾಂಶ ನಡೆಯುತ್ತದೆ. ಎರಡಕ್ಕೂ ಸೇರಿ ಹತ್ತು ನಿಮಿಷ ಸಾಕು. ಪವರ್ ಗುಂಡಿ ಯಾವಾಗ ಒತ್ತಬೇಕೆಂದು ಅವರಿಗೆ ತೋರಿಸಲು ಇನ್ನೊಂದು ಹತ್ತು ನಿಮಿಷ ಇಟ್ಟುಕೊಳ್ಳಿ.